ಕೋಡೊಲೆ

ಡುಲೂತ್ ನಗರಸಭೆಯಲ್ಲಿ ನನ್ನದು ಗುಮಾಸ್ತನ ಕುರ್ಚಿ.
ಅರ್ಜಿ ಓದುತ್ತೇನೆ, ಅಧ್ಯಕ್ಷರ ಮುಖ ನೋಡುತ್ತೇನೆ,
ಅವರು ‘ಬ್ಯಾಕ್ ಬರ್ನರ್’ ಅಂದರೆ
ಅಂಚಿನಲ್ಲಿ ಬ್ಯಾ.ಬ. ಎಂದು ಬರೆಯುತ್ತೇನೆ.
ಹಿಂದಿನ ಒಲೆಗೆ ಹೋಯಿತು ಅಂತ.
ಇಲ್ಲ ಅನ್ನಲಿಲ್ಲ ನೋಡಿ,
ಆಗಲಿ ಅಂತಲೂ ಅನ್ನಲಿಲ್ಲ.
ಮರ್ಯಾದಸ್ಥರ ಮಾತು.

ಇವತ್ತು ಬಂದದ್ದು: ಮೂವತ್ತೊಂದನೇ ಬೀದಿಯ ತಿರುವಿಗೆ
ಒಂದು ದೀಪದ ಕಂಬ.
ಅರ್ಜಿದಾರಳು ಇರ್ಯಾ ಲಂಪಿನೆನ್.

ಹೆಸರು ಓದುತ್ತಲೇ ಮೂಗಿಗೆ ಈರುಳ್ಳಿಯ ಘಾಟು.

ಹದಿನಾರರಲ್ಲಿ ನಾನು ಬಂದರಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವ,
ಅವಳು ಅಡುಗೆಯವಳು.
ಮುಂದಿನ ಒಲೆಗಳಲ್ಲಿ ಮೊಟ್ಟೆ, ಹಂದಿಮಾಂಸ, ಮತ್ತೆ ಮೊಟ್ಟೆ;
ಅದಿರಿನ ಹಡಗಿನವರ ಹಸಿವು,
ಎರಡು ನಿಮಿಷ ತಡವಾದರೆ ಚಮಚ ಬಡಿಯುವ ಜನ.
ಹಿಂದೆ, ಎಡಮೂಲೆಯ ಕೋಡೊಲೆಯಲ್ಲಿ
ಮೂಳೆಸಾರಿನ ಕೊಳದಪ್ಪಲೆ.
ಸರೋವರ ಕಲ್ಲಾಗುವ ಜನವರಿಯಲ್ಲೂ
ಅದರಡಿಯ ಉರಿ ಆರಿದ್ದು ಕಂಡಿಲ್ಲ.

ಒಂದು ಸಲ ನಾನೇ ಆರಿಸಿದೆ, ಗ್ಯಾಸು ಉಳಿಯಲೆಂದು.
ರಟ್ಟೆ ಹಿಡಿದು ಒಲೆಯೆದುರು ನಿಲ್ಲಿಸಿದಳು:
“ಮುಂದಿನದು ಅವಸರದವರದು. ಬೇಯುತ್ತೆ, ಹೋಗುತ್ತೆ.
ಹಿಂದೆ ಇಡೋದು ಮರೆಯೋದಕ್ಕಲ್ಲ ಹುಡುಗಾ,
ಮುಂದಿನ ಉರಿ ದಾಟಿ ಕೈ ಚಾಚಿ
ಸೌಟಾಡಿಸೋದಕ್ಕೆ.”
ತೋಳು ತೋರಿಸಿದಳು.
ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗೆರೆಗಳು,
ರೂಲು ಎಳೆದ ಪುಸ್ತಕದ ಹಾಗೆ.

ಮೇಜಿನ ಮೇಲೆ ಇನ್ನೂ ಮೂರು ಕಡತ:
ಹಾಕಿ ಮೈದಾನದ ಬಣ್ಣ, ಮೇಯರ್ ಕಾರಿನ ಜಾಗ,
ಬೇಸಿಗೆಯ ಉತ್ಸವಕ್ಕೆ ಬಾವುಟ.
ಅಧ್ಯಕ್ಷರು ಗಡಿಯಾರ ನೋಡಿದರು,
ಕಂಬದ ಅರ್ಜಿಯನ್ನು ನನ್ನತ್ತ ಸರಿಸಿ
ಆ ಎರಡು ಪದ ಅಂದರು.

ಬರೆದೆ.
ಸುಳ್ಳೇಕೆ ಹೇಳಲಿ, ಬರೆದೆ.

ಎಲ್ಲರೂ ಹೋದ ಮೇಲೆ ಕಪಾಟು ತೆಗೆದೆ.
ಬ್ಯಾ.ಬ. ಕಡತ ನೂರಾ ಹದಿನಾಲ್ಕು.
ಮುಟ್ಟಿದರೆ ಕೊರೆಯುವ ತಣ್ಣಗೆ,
ಒಂದರಡಿಯಲ್ಲೂ ಉರಿಯಿಲ್ಲ.
ಅವಳ ಅರ್ಜಿ ಇಡಲು ಹೋದರೆ
ಅಲ್ಲೇ ಅವಳದೇ ಇನ್ನೊಂದು, ಅದರಡಿ ಮತ್ತೊಂದು,
ಅದೇ ತಿರುವು, ಅದೇ ಕಂಬ,
ಆರು ವರ್ಷಕ್ಕೆ ಆರು,
ಅಕ್ಷರ ಮಾತ್ರ ವರ್ಷ ವರ್ಷ ಇನ್ನಷ್ಟು ನಡುಗಿವೆ.

ಸೌಟಾಡಿಸುತ್ತಲೇ ಇದ್ದಾಳೆ ಮುದುಕಿ,
ಅಷ್ಟು ದೂರದಿಂದ ಕೈ ಚಾಚಿ.

ಕೋಟಿನ ತೋಳು ಸರಿಸಿ
ನನ್ನ ಮುಂಗೈ ನೋಡಿಕೊಂಡೆ.
ನುಣ್ಣಗಿತ್ತು.