ಹೆದರಿಕೆಯಲ್ಲ, ಮರ್ಯಾದೆ

ವಿನ್ನಿಪೆಗ್. ಫೆಬ್ರವರಿ. ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಲೈಬ್ರರಿಯ ನೆಲಮಾಳಿಗೆ ಅದಕ್ಕೂ ಹತ್ತು ಮೆಟ್ಟಿಲು ಕೆಳಗೆ.
ರೇಡಿಯೇಟರಿನ ಮೇಲೆ ಒಣಗುತ್ತಿವೆ
ಹನ್ನೊಂದು ಜೊತೆ ಕೈಗವಸು,
ಹೋದ ವರ್ಷದವರು ಮರೆತುಹೋದ ಒಂದು ಒಂಟಿ.

ನಾನು ಓಸ್ತಾಪ್. ಮಿಕೊಲಾಯಿವ್‌ನಲ್ಲಿ ಸೇತುವೆ ಕಟ್ಟುತ್ತಿದ್ದೆ.
ಈಗ ರಾತ್ರಿ ಪಾಳಿ, ಮಾಲ್‌ನ ಅಂಗಳದಲ್ಲಿ ಹಿಮ ಬಾಚುತ್ತೇನೆ.
ಪಕ್ಕದ ಕುರ್ಚಿಯಲ್ಲಿ ಡಾಕ್ಟರ್ ಇಹ್ಸಾನ್ ಮಿರ್ಘನಿ,
ಒಮ್ಡುರ್ಮನ್‌ನ ಸರ್ಜನ್,
ಈಗ ವೃದ್ಧಾಶ್ರಮದ ಲಾಂಡ್ರಿಯಲ್ಲಿ
ಹಾಸುಬಟ್ಟೆ ಮಡಿಸುತ್ತಾಳೆ, ಅಂಚಿಗೆ ಅಂಚು,
ಹೊಲಿಗೆ ಹಾಕುವ ಮುನ್ನ ಚರ್ಮ ಕೂಡಿಸಿದಂತೆ.

ಟೀಚರ್ ಡೊರೀನ್ ಬೋರ್ಡಿನ ಮೇಲೆ ಬರೆದರು: 'ನಂಬ್'.
ಮರಗಟ್ಟಿದ್ದು ಎಂದರ್ಥ. ಕೊನೆಯ 'ಬಿ' ಉಚ್ಚರಿಸಬೇಡಿ.
'ಅದಕ್ಕೂ ಅರಿವಳಿಕೆ ಕೊಟ್ಟಿದ್ದಾರೆ' ಎಂದಳು ಇಹ್ಸಾನ್.
ನನಗೆ ಕಂಡದ್ದು ನೀರೊಳಗೆ ಮುಳುಗಿದ ಕಂಬ:
ಕಾಣುವುದಿಲ್ಲ, ಕೇಳುವುದಿಲ್ಲ,
ತೆಗೆದರೆ ಪದ ಕುಸಿಯುತ್ತದೆ.

ಇವತ್ತಿನ ಪಾಠ, ಕೆಟ್ಟ ಸುದ್ದಿ ಹೇಳುವುದು.
ಪರೀಕ್ಷೆಯಲ್ಲಿ ಹದಿನೈದು ಅಂಕ, ನಾಲ್ಕು ನಿಮಿಷ.
'ಐ ಆಮ್ ಅಫ್ರೇಡ್ ಅಂತ ಶುರುಮಾಡಿ' ಎಂದರು ಡೊರೀನ್.
ಇಹ್ಸಾನ್ ಪೆನ್ನು ಕೆಳಗಿಟ್ಟಳು.
'ನನಗೇನೂ ಹೆದರಿಕೆಯಿಲ್ಲವಲ್ಲ.'
'ಅದು ಹೆದರಿಕೆಯಲ್ಲ, ಮರ್ಯಾದೆ.'
'ಕರೆಂಟಿಲ್ಲದ ರಾತ್ರಿ, ಫೋನಿನ ಬೆಳಕಲ್ಲಿ
ಹೊಟ್ಟೆ ತೆರೆದಿದ್ದೇನೆ. ಆಗಲೂ ಕೈ ನಡುಗಲಿಲ್ಲ.
ಈಗ ಹೆದರಿದ್ದೇನೆ ಅನ್ನಬೇಕೆ, ಹದಿನೈದು ಅಂಕಕ್ಕೆ?'
ಡೊರೀನ್ ಕನ್ನಡಕ ತೆಗೆದು ಒರೆಸಿದರು.
ಒರೆಸುವಂಥದ್ದೇನೂ ಇರಲಿಲ್ಲ.
'ಐ ಆಮ್ ಅಫ್ರೇಡ್,' ಎಂದರು, 'ಅನ್ನಲೇಬೇಕು.'

ಜೋಡಿ ಅಭ್ಯಾಸ. ನಾನು ರೋಗಿ.
ನನ್ನ ಚೀಟಿಯಲ್ಲಿದೆ: ಹೆಸರು ಗಾರ್ಡನ್, ವಯಸ್ಸು ಅರವತ್ತೊಂದು,
ಮೀನು ಹಿಡಿಯುವ ಹವ್ಯಾಸ, ಫಲಿತಾಂಶ ಗೊತ್ತಿಲ್ಲ.
ಅವಳ ಚೀಟಿಗೆ ಗೊತ್ತು.

ಅವಳು ತಕ್ಷಣ ಮಾತಾಡಲಿಲ್ಲ. ಕುರ್ಚಿ ಎಳೆದುಕೊಂಡಳು,
ಮೊಣಕಾಲಿಗೂ ಮೊಣಕಾಲಿಗೂ ನಡುವೆ ಒಂದು ಗೇಣು ಬಿಟ್ಟು.
ಫೋನು ಬೋರಲು ಹಾಕಿದಳು. ನನ್ನನ್ನೇ ನೋಡಿದಳು,
ಭಾರ ಹೇರುವ ಮುನ್ನ ನಾನು ತೊಲೆಯನ್ನು ನೋಡುತ್ತಿದ್ದ ಹಾಗೆ.
ಗಡಿಯಾರ ಒಂದು ನಿಮಿಷ ನುಂಗಿತು.
ಆಮೇಲೆ 'ಗಾರ್ಡನ್' ಅಂದಳು.
ಅಷ್ಟಕ್ಕೇ ನನ್ನ ಬಾಯಿ ಒಣಗಿತು.
ನಾನು ಗಾರ್ಡನ್ ಅಲ್ಲ, ನನಗೆ ನಲವತ್ನಾಲ್ಕು,
ಗಾಳ ಮುಟ್ಟಿದವನೇ ಅಲ್ಲ. ಆದರೂ
ಈ ಚಳಿಗಾಲ ದಾಟುವೆನೋ ಇಲ್ಲವೋ ಎಂದುಕೊಂಡೆ.
ವಾಕ್ಯ ಬಂತು, ಮರ್ಯಾದೆಯ ವಾಕ್ಯ,
ನಾನು ಅದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

'ಮೌನ ಉದ್ದವಾಯಿತು. ಆರ್ಟಿಕಲ್ ಒಂದು ಬಿಟ್ಟುಹೋಗಿದೆ'
ಎಂದು ಹಾಳೆಯಲ್ಲಿ ಬರೆದರು ಡೊರೀನ್.
ಬರೆದು, ಮೊದಲ ಮಾತನ್ನು ಹೊಡೆದುಹಾಕಿದರು.
ಪರೀಕ್ಷಕರು ಹೊಡೆದುಹಾಕುತ್ತಾರೋ ಇಲ್ಲವೋ, ಅದು ಬೇರೆ.

ಒಂಬತ್ತೂಕಾಲು. ಸ್ಟಾಪಿನಲ್ಲಿ ನಾವಿಬ್ಬರೇ.
ಉಸಿರು ಹುಬ್ಬಿನ ಮೇಲೆ ಗಟ್ಟಿಯಾಗುತ್ತಿದೆ.
'ನಿಮ್ಮಲ್ಲಿ ಏನನ್ನುತ್ತೀರಿ?' ಕೇಳಿದೆ.
'ಮಾಲೇಶ್. ಕಾಲು ತುಳಿದರೂ ಅದೇ, ಮನೆ ಸುಟ್ಟರೂ ಅದೇ.
ಅಳತೆಯೆಲ್ಲ ದನಿಯಲ್ಲಿ.'

ನಾಯಿಗೆ ಬೂಟು ತೊಡಿಸಿ ನಡೆಸುತ್ತಿದ್ದ
ಆಜಾನುಬಾಹು ಮುದುಕನೊಬ್ಬ ನಮ್ಮೆದುರು ನಿಂತ.
ಟೊಪ್ಪಿಗೆ ತುಸು ಎತ್ತಿ, 'ಐ ಆಮ್ ಅಫ್ರೇಡ್,' ಎಂದ,
'ಬಸ್ಸು ಈಗಷ್ಟೇ ಹೋಯಿತು.'
ಇಹ್ಸಾನ್ ಅವನನ್ನು ನೋಡಿದಳು, ನಾಯಿಯನ್ನು ನೋಡಿದಳು.
'ಹೆದರಬೇಡಿ,' ಎಂದಳು, ಆರ್ಟಿಕಲ್ ಒಂದೂ ಬಿಡದ ಇಂಗ್ಲಿಷಿನಲ್ಲಿ,
'ಇನ್ನೊಂದು ಬರುತ್ತದೆ.'