ಇಪ್ಪತ್ತೆರಡು ರಿಯಾಲಿನ ಬಣ್ಣ

ಸನಾಯ್ಯದ ಪೇಂಟ್ ಅಂಗಡಿಯವನು
ಗಾಡಿಗೊಂದು ಸುತ್ತು ಬಂದು, ನೂರ ಎಂಬತ್ತು ಎಂದ.
ಗಾಡಿ ಕೊಂಡದ್ದೇ ಮುನ್ನೂರಕ್ಕೆ.
ಜೇಬಿನಲ್ಲಿ ಇಪ್ಪತ್ತೆರಡು.
ಚಹಾ ಕೊಟ್ಟ, ಕುಡಿದೆ, ಎದ್ದು ಬಂದೆ.

ಎಂಬತ್ತೆಂಟರ ಲ್ಯಾಂಡ್ ಕ್ರೂಸರ್.
ಸೂರ್ ಊರಿನ ಬಿಸಿಲು ವರ್ಷಗಟ್ಟಲೆ ಬಾನೆಟ್ಟಿನ ಮೇಲೆ ಕೂತು
ಬಣ್ಣವನ್ನು ಸುಣ್ಣ ಮಾಡಿತ್ತು.
ಒರಗಿ ನಿಂತರೆ ಅಂಗಿಗೆ ವಿಭೂತಿ.
ಬಾಗಿಲ ಬುಡದಲ್ಲಿ ಉಪ್ಪುಗಾಳಿ ತಿಂದ ತೂತು,
ಅದರೊಳಗೊಂದು ಹಲ್ಲಿಯ ಸಂಸಾರ.

‘ಉಜ್ಜು’ ಎಂದ ತೋಫಾಜ್ಜಲ್,
ದೋಣಿ ಕಟ್ಟುವಲ್ಲಿ ಬಣ್ಣ ಬಳಿಯುವವನು, ಚಟ್ಟೋಗ್ರಾಮದವನು.
‘ಉಜ್ಜಿದ್ದು ಯಾರಿಗೂ ಕಾಣೋದಿಲ್ಲ.
ಉಜ್ಜದೆ ಬಿಟ್ಟಿದ್ದು ಎಲ್ಲರಿಗೂ ಕಾಣುತ್ತೆ.’

ಆರು ಶುಕ್ರವಾರ ಉಜ್ಜಿದೆ.
ಇನ್ನೂರು ಬೈಸಾದ ಉಪ್ಪುಕಾಗದ, ಸೋಪಿನ ನೀರು.
ಮರಳುಬಣ್ಣದ ಕೆಳಗೆ ಬಿಳಿ,
ಬಿಳಿಯ ಕೆಳಗೊಂದು ಕಿತ್ತಳೆ ಪಟ್ಟಿ,
ಪಟ್ಟಿಯ ಮೇಲೆ ಯಾವುದೋ ಕಂಪನಿಯ ಅರ್ಧ ಹೆಸರು.
ಅರಬಿ ಓದಲು ಬಾರದು ನನಗೆ,
ಆದರೂ ಕೈ ಒಂದು ಗಳಿಗೆ ನಿಂತಿತು.
ಆಮೇಲೆ ಅದನ್ನೂ ಉಜ್ಜಿದೆ.

ದೋಣಿಗೆ ಬಳಿದು ಮಿಕ್ಕ ಅರ್ಧ ಡಬ್ಬಿ ನೀಲಿ,
ಶಾಲೆಯ ಗೇಟಿನಿಂದ ಉಳಿದ ಹಸಿರು,
ನೀರಿನ ಟ್ಯಾಂಕಿನದೊಂದಿಷ್ಟು ಬಿಳಿ:
ಮೂರಕ್ಕೂ ಸೇರಿ ನಾಲ್ಕೂವರೆ ರಿಯಾಲು.
ಮಹಡಿಯ ಮೇಲೆ, ಖರ್ಜೂರದ ಖಾಲಿ ಟಿನ್ನಿನಲ್ಲಿ
ಕೋಲು ಹಾಕಿ ತಿರುಗಿಸುತ್ತ ಕೂತೆ.

ಗುಳೇದಗುಡ್ಡದಲ್ಲಿ ಖಣದ ನೂಲಿಗೆ ಬಣ್ಣ ಹಾಕುತ್ತಿದ್ದ ಅಪ್ಪ
ಎಳೆಯೊಂದನ್ನು ಕಿರುಬೆರಳಿಗೆ ಸುತ್ತಿ, ಬಿಸಿಲಿಗೆ ಹಿಡಿದು,
‘ಒಣಗಿದ್ರ ಒಂದ್ ಮೆಟ್ಟು ಇಳೀತೈತಿ,
ಇನ್ನೊಂದ್ ಚಮಚ ಬೀಳ್ಲಿ’ ಅನ್ನುತ್ತಿದ್ದ.
ನಾನೂ ಹಾಗೇ ಇನ್ನೊಂದಿಷ್ಟು ನೀಲಿ ಸುರಿದೆ,
ಬಹಳ ತಿಳಿದವನಂತೆ.

ತಗಡು ಆರಬೇಕು, ಅದಕ್ಕೆ ರಾತ್ರಿ ಹತ್ತರ ಮೇಲೆ ಶುರು.
ಥಿನ್ನರ್ ಹಾಕಿ ಮಜ್ಜಿಗೆಯಷ್ಟು ತೆಳುವಾಗಿಸಿ,
ಏಳುನೂರು ಬೈಸಾದ ರೋಲರ್ ಅದ್ದಿ,
ಅವಸರ ಮಾಡದೆ ಎಳೆದೆ.
ಸುಗುಣನ್ ಫೋನಿನ ಟಾರ್ಚು ಹಿಡಿದು
ತನ್ನ ಚಿಟ್ ಫಂಡಿನ ಕಷ್ಟ ಹೇಳುತ್ತಿದ್ದ,
ಪ್ರತಿ ಕಂತಿಗೂ ಬೆಳಕು ಅಲ್ಲಾಡುತ್ತಿತ್ತು.
ಬಾನೆಟ್ಟಿಗೊಂದು ನುಸಿ ಬಂದು ಅಂಟಿತು.
ತೆಗೆದರೆ ಗೆರೆ ಬೀಳುತ್ತೆ, ಬಿಡು ಎಂದ. ಬಿಟ್ಟೆವು.
ಈಗಲೂ ಇದೆ, ಬಲಗಡೆ, ವೈಪರಿನ ಹತ್ತಿರ.

ನೂಲಲ್ಲ ತಗಡು.
ಬೆಳಗಾಗುವಷ್ಟರಲ್ಲಿ ಬಣ್ಣ
ಇಳಿಯುವ ಬದಲು ಎರಡು ಮೆಟ್ಟು ಹತ್ತಿ ಕೂತಿತ್ತು.
ಅಪ್ಪನ ಲೆಕ್ಕ ಕಡಲು ದಾಟುವಾಗ
ತಲೆಕೆಳಗಾಗಿತ್ತು.

ವಿಡಿಯೋದಲ್ಲಿ ನೋಡಿ ತಂಗಿ ಶಂಕ್ರವ್ವ ಚೀರಿದಳು:
‘ಅಯ್ಯ, ಇದು ಆನಂದ ಬಣ್ಣಲ್ಲೋ!
ಅಪ್ಪಗ ಇದೊಂದ್ ಯಾವತ್ತೂ ಕುದುರಲೇ ಇಲ್ಲ,
ಎಷ್ಟ್ ಲಡಿ ಕೆಡಿಸಿದ್ದ, ನೆನಪೈತಿ?’
ನನಗೆ ನೆನಪಿರಲಿಲ್ಲ.
ನೆನಪಿದ್ದದ್ದು ಅವನ ಉಗುರು ಮಾತ್ರ,
ವಾರಕ್ಕೊಂದು ಬಣ್ಣದ್ದು.

ಬಣ್ಣ ಬದಲಾದದ್ದು ಪೊಲೀಸರ ಕಾಗದಕ್ಕೂ ಗೊತ್ತಾಗಬೇಕು.
ಕೌಂಟರಿನ ಹುಡುಗ ಹೊರಗೆ ಬಂದು,
ಕಪ್ಪು ಕನ್ನಡಕ ತೆಗೆದು, ನೀಲಿಯೋ ಹಸಿರೋ ಎಂದ.
ನನಗೂ ಅದೇ ಪ್ರಶ್ನೆ.
ಸಾಲಿನಲ್ಲಿದ್ದ ಮುದಿ ಮೀನುಗಾರನೊಬ್ಬ ಹತ್ತಿರ ಬಂದು,
ಬಾಗಿಲ ಮೇಲೆ ಅಂಗೈಯಿಟ್ಟು
ಇದು ನನ್ನ ದೋಣಿಯದು ಎಂದುಬಿಟ್ಟ.
ನೀಲಿ ಎಂದು ಬರೆದುಕೊಂಡ ಹುಡುಗ.
ಮುದುಕ ಹೇಳಿದ್ದು ಪೂರ್ತಿ ಸುಳ್ಳೇನಲ್ಲ.

ಮೊದಲ ಸಲ ವಾದಿಗೆ ಇಳಿಸಿದ ದಿನವೇ
ಜಾಲಿಯ ಮುಳ್ಳು ಒಂದು ಮೊಳ ಗೀರಿತು.
ಗೀರಿನೊಳಗೆ ಬಿಳಿ,
ಬಿಳಿಯ ಬದಿಗೆ ಕಿತ್ತಳೆಯ ಒಂದೇ ಎಳೆ.
ಅಷ್ಟೆಲ್ಲ ಉಜ್ಜಿದರೂ ಅಲ್ಲೇ ಇತ್ತು.

ಟಿನ್ನಿನಲ್ಲಿ ಎರಡು ಬೆರಳು ಬಣ್ಣ ಉಳಿದಿದೆ.
ಹಚ್ಚಿಬಿಡಬಹುದು.
ಆದರೆ ಅದು ಮುಗಿದರೆ ಮತ್ತೆ ಬೆರೆಸಲು
ನನಗೆ ಬಾರದು.
ಮುಚ್ಚಳ ಬಿಗಿದು ಮಂಚದ ಕೆಳಗೆ ತಳ್ಳಿದ್ದೇನೆ,
ಕೆನೆ ಕಟ್ಟುತ್ತಿರಬೇಕು.