ನಾಲ್ಕನೇ ಮೆಟ್ಟಿಲು

ರೋಂಡಾ ಕಣಿವೆಯಲ್ಲಿ ಗಣಿ ಮುಚ್ಚಿ ಮೂವತ್ತು ವರ್ಷ ದಾಟಿತು;
ಎಮ್ಲಿನನ ಎದೆಯೊಳಗೆ ಮಾತ್ರ
ಪಾಳಿ ಇನ್ನೂ ಮುಗಿದಿಲ್ಲ.

ದಿನಾ ಹಿತ್ತಲ ಏಳನೇ ಮೆಟ್ಟಿಲಲ್ಲಿ ನಿಂತು
ಪಾರಿವಾಳಗಳನ್ನು ಬೈಯುವ ನೆಪದಲ್ಲಿ
ಉಸಿರು ಕೂಡಿಸಿಕೊಳ್ಳುತ್ತಾನೆ.
ಇವತ್ತು ನಾಲ್ಕರಲ್ಲೇ ನಿಂತ.
ಬೈಯಲಿಲ್ಲ.

ಕೇಳದೆ, ಅವನ ಕರವಸ್ತ್ರ ಬಿಡಿಸಿ
ಕಿಟಕಿಯ ಬೆಳಕಿಗೆ ಹಿಡಿದೆ:
ಮೊನ್ನೆಯ ಬಿಳಿ
ಪಾಚಿಗಟ್ಟಿತ್ತು.

‘ಬರೀ ಥಂಡಿ, ನೆಸ್ತಾ.’
ಮೂರು ಪದಕ್ಕೆ ನಾಲ್ಕು ಉಸಿರು.

ಬ್ರೆಡ್ಡಿನ ಡಬ್ಬಿಯ ಹಿಂದಿತ್ತು
ಇಂಥ ದಿನಕ್ಕೆಂದೇ ನರ್ಸ್ ಇಟ್ಟುಹೋದ ಪೊಟ್ಟಣ.
ಫೋನಿನಲ್ಲಿ ಅವಳೆಂದಳು:
‘ಈಗಲೇ ಶುರುಮಾಡಿ. ತುಟಿ ನೀಲಿಯಾದರೆ
ನನಗೂ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ.’

ಮಾತ್ರೆ ನುಂಗಿದ, ಪಂಪು ಸೇದಿದ,
ಕುರ್ಚಿಯಲ್ಲೇ ತೂಕಡಿಸಿದ.
ದೀಪ ಆರಿಸದೆ ನಾನು
ಅವನ ತುಟಿಯ ಬಣ್ಣ ಕಾದೆ.

ಐದನೇ ಬೆಳಿಗ್ಗೆ ಹಿತ್ತಲಿಂದ ಬೈಗುಳ.
ಇಣುಕಿ ಎಣಿಸಿದೆ:
ಆರು.